ಈ ಮರದಲ್ಲಿ ಹೂವಿದೆಯೇ

ಫೆಬ್ರವರಿ 11

ಮಗಳೇ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡಬೇಕು. ಎಲ್ಲರೂ ಎನ್ನಲು ಮನೆಯಲ್ಲಿರುವುದು ನಾನೊಬ್ಬನೇ. ಹಾಗಾಗಿ ಆ ಸಾಲನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಲಕೋಟೆಯಲ್ಲಿ ಐದು ಫೋಟೊ ಇಟ್ಟಿದ್ದೇನೆ. ಹಿಂಬದಿಗೆ ನಂಬರ್ ಹಾಕಿದ್ದೇನೆ. ಒಂದೊಂದನ್ನೂ ನೋಡಿ, ಅದರಲ್ಲಿ ಏನಿದೆಯೋ ಅದನ್ನು ಮಾತ್ರ ಬರೆದು ಕಳಿಸು. ಚೆನ್ನಾಗಿ ಬಂದಿದೆಯಾ ಇಲ್ಲವಾ ಎಂದು ಹೇಳುವುದು ಬೇಡ.

ಡಿಪೋ ಎದುರಿನ ಫೋಟೊ ಅಂಗಡಿಯಲ್ಲಿ ಯಾರೋ ಬಳಸಿ ಬಿಟ್ಟ ಪುಟ್ಟ ಕ್ಯಾಮೆರಾ ಸಿಕ್ಕಿತು. ಸೋಪಿನ ಡಬ್ಬಿಯಷ್ಟಿದೆ, ಯೂನಿಫಾರ್ಮಿನ ಜೇಬಿನಲ್ಲಿ ಕೂರುತ್ತದೆ. ಗುಂಡಿ ಒತ್ತಿದರೆ ಆಮೆಯ ಹಾಗೆ ಮೂತಿ ಮುಂದೆ ಚಾಚುತ್ತದೆ. ಟ್ರಿಪ್ಪಿನ ನಡುವೆ ಬಸ್ಸು ನಿಂತಾಗ ಕೆಳಗಿಳಿದು ಎರಡು ಮೂರು ತೆಗೆಯುತ್ತೇನೆ. ನನ್ನ ಕಂಡಕ್ಟರ್ ನಿನಗೆ ನೆನಪಿರಬೇಕು, ಎಲ್ಲರೂ ಸೀಟಿ ಎಂದು ಕರೆಯುವವನು. ಅವನು ಸೀಟಿ ಊದುತ್ತಾನೆಂದಲ್ಲ, ಮಾತಾಡಿದರೆ ಮುಂದಿನ ಹಲ್ಲಿನ ಸಂದಿಯಿಂದ ಸೀಟಿ ಬರುತ್ತದೆ. ರಿಟೈರ್ ಆಗಲು ಇನ್ನೂ ಒಂದು ವರ್ಷ ಇರುವಾಗಲೇ ಅಣ್ಣನಿಗೆ ಹವ್ಯಾಸ ಹತ್ತಿತು ಎಂದು ಡಿಪೋ ತುಂಬ ಹೇಳಿಕೊಂಡು ಓಡಾಡುತ್ತಿದ್ದಾನೆ.

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತು. ಗಿರಣಿಯಲ್ಲಿ ದಿನವಿಡೀ ಬಟ್ಟೆಯ ಬಣ್ಣ ನೋಡಿ ಇದು ಸರಿ, ಇದು ತಪ್ಪು ಎಂದು ಹೇಳುವುದು ನಿನ್ನ ಕೆಲಸ. ಹಾಗಾಗಿ ನಿನ್ನನ್ನೇ ಕೇಳೋಣ ಅನ್ನಿಸಿತು.

ಅಪ್ಪ


ಫೆಬ್ರವರಿ 20

ಅಪ್ಪನವರಿಗೆ,

ಫೋಟೊಗಳು ತಲುಪಿದವು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ, ಅಷ್ಟೇ.

ಒಂದನೆಯದು ಬಸ್ ಸ್ಟಾಪಿನ ಪಕ್ಕದ ಮರ. ಬೋಳು. ಒಂದೂ ಎಲೆಯಿಲ್ಲ, ಮೊಗ್ಗೂ ಇಲ್ಲ. ಇದರ ಹಿಂಬದಿಗೆ ನೀವು ‘ಗುಲಾಬಿ ಬಣ್ಣದ ಹೂವು, ಕೊಂಬೆ ತುಂಬ’ ಎಂದು ಬರೆದಿದ್ದೀರಿ. ಎರಡನೆಯದು ನಾಲೆ, ಅದರ ಮೇಲೆ ಕಬ್ಬಿಣದ ಸೇತುವೆ, ಕಂಬಿಯ ಮೇಲೆ ಮೂರು ಪಾರಿವಾಳ. ಮೂರನೆಯದು ಬ್ಯಾಂಕಿನ ಗೋಡೆ. ಬೂದು ಬಣ್ಣ, ಸ್ವಲ್ಪ ನೀಲಿಗೆ ತಿರುಗಿದ ಬೂದು. ನೀವು ‘ಬಳ್ಳಿ’ ಎಂದು ಬರೆದಿದ್ದೀರಿ. ಬಳ್ಳಿ ಇಲ್ಲ. ನಾಲ್ಕನೆಯದರಲ್ಲಿ ಪಾರ್ಕಿನ ಬೆಂಚು, ಅದರ ಕೆಳಗೆ ಹುಲ್ಲಿನಲ್ಲಿ ಸಣ್ಣ ಹಳದಿ ಹೂಗಳು. ಹೂಗಳಿವೆ, ಆದರೆ ಇದಕ್ಕೆ ಮಾತ್ರ ನೀವು ಪ್ರಶ್ನೆಯ ಗುರುತು ಹಾಕಿದ್ದೀರಿ. ಐದನೆಯದರಲ್ಲಿ ಇರುವುದು ನಿಮ್ಮ ಹೆಬ್ಬೆರಳು.

ಅಂಗಡಿಯವನು ಬೇರೆ ಯಾರದೋ ಫೋಟೊ ಕೊಟ್ಟನೇ? ಇಲ್ಲ, ನೀವೇ ನಂಬರ್ ಅದಲುಬದಲು ಮಾಡಿದಿರೇ? ನನಗೊಂದೂ ಅರ್ಥವಾಗಲಿಲ್ಲ. ಇಷ್ಟು ವರ್ಷದ ಮೇಲೆ ಪತ್ರ ಬರೆದು ಬೋಳು ಮರ ಕಳಿಸಿದ್ದೀರಿ.

ನಿಮ್ಮ ಮಗಳು


ಮಾರ್ಚ್ 3

ಮಗಳೇ,

ನೀವು ಎಂದು ಬರೆದಿದ್ದೀಯ. ಬ್ಯಾಂಕಿನಿಂದ ಬಂದ ನೋಟಿಸ್ ಓದಿದ ಹಾಗಾಯಿತು. ಇರಲಿ.

ಹೂವಿಲ್ಲ ಎಂದೆಯಲ್ಲ, ಸರಿ. ಬಳ್ಳಿ ಇಲ್ಲ, ಅದೂ ಸರಿ. ಹಳದಿ ಹೂ ಇದೆ ಎಂದದ್ದು ನನಗೆ ಆಶ್ಚರ್ಯ. ಅದು ಇರಲಿಕ್ಕಿಲ್ಲ ಎಂದು ನಾನು ಅಂದುಕೊಂಡಿದ್ದೆ.

ಈ ಸಲ ಏಳು ಫೋಟೊ. ಚಳಿ ಬಿಟ್ಟಿದೆ, ಊರು ಬಣ್ಣ ಬದಲಿಸುತ್ತಿದೆ. ನಾಲೆಯ ದಂಡೆಯಲ್ಲಿ ಹೊಸ ಹುಲ್ಲು ಬಂದಿದೆ, ಅಥವಾ ಬಂದಿದೆ ಎಂದು ನನಗೆ ಕಾಣುತ್ತದೆ. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಟೋಪಿ ಹಾಕಿದ ಕುಳ್ಳ ಜನ ಸಾಲಾಗಿ ಹೋಗುತ್ತಿದ್ದರು, ಅದು ನಾಲ್ಕನೆಯ ಫೋಟೊ. ಅವರು ಯಾರು ಎಂದು ಸೀಟಿಯನ್ನು ಕೇಳಿದೆ. ಯಾರಣ್ಣ ಎಂದು ಅವನು ನನ್ನನ್ನೇ ಕೇಳಿದ. ನಾನು ನಕ್ಕುಬಿಟ್ಟೆ, ಅವನೂ ನಕ್ಕ. ಆರನೆಯದನ್ನು ಸಿಗ್ನಲ್ಲಿನಲ್ಲಿ ನಿಂತಾಗ ಸೀಟಿನಿಂದಲೇ ತೆಗೆದೆ. ಹೊರಗೆ ಮಕ್ಕಳು ಗಾಳಿಪಟ ಹಿಡಿದು ನಿಂತಿದ್ದರು.

ಮೊದಲಿನ ಹಾಗೆಯೇ ಬರೆ. ಕಾರಣ ಕೇಳಬೇಡ.

ಅಪ್ಪ


ಮಾರ್ಚ್ 12

ಅಪ್ಪ,

ನಿನ್ನ ಏಳು ಫೋಟೊಗಳನ್ನು ಕೆಲಸದ ಜಾಗಕ್ಕೆ ತೆಗೆದುಕೊಂಡು ಹೋಗಿ, ಬಟ್ಟೆಯ ಬಣ್ಣ ಹೊಂದಿಸುವ ಬಿಳಿ ದೀಪದ ಕೆಳಗೆ ಇಟ್ಟು ನೋಡಿದೆ. ನಾಲೆಯ ದಂಡೆಯಲ್ಲಿ ಹೊಸ ಹುಲ್ಲಿದೆ, ಎಳೆಯ ಹಸಿರು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಟೋಪಿಯವರಿಲ್ಲ. ಇರುವುದು ಖಾಲಿ ಪೆಟ್ಟಿಗೆಗಳ ರಾಶಿ, ಒಂದು ಬೆಕ್ಕು. ಸಿಗ್ನಲ್ಲಿನಲ್ಲಿ ಮಕ್ಕಳೂ ಇಲ್ಲ, ಗಾಳಿಪಟವೂ ಇಲ್ಲ. ಕೆಂಪು ದೀಪ, ಮುಂದೆ ಒಂದು ಲಾರಿಯ ಬೆನ್ನು. ನನ್ನ ಪಕ್ಕದಲ್ಲಿ ಕೂರುವವಳಿಗೂ ತೋರಿಸಿದೆ. ಚೆನ್ನಾಗಿ ತೆಗೀತಾರೆ ನಿಮ್ಮಪ್ಪ, ಆದ್ರೆ ಯಾಕೆ ಇಂಥದ್ದನ್ನೆಲ್ಲ ತೆಗೀತಾರೆ ಎಂದಳು.

ಕಾರಣ ಕೇಳಬೇಡ ಎಂದರೆ ಹೇಗೆ? ಮೊದಲು ನೀನು ಕುಡಿಯಲು ಶುರುಮಾಡಿದೆಯೇನೋ ಅಂದುಕೊಂಡೆ. ಆಮೇಲೆ ನನ್ನನ್ನು ಆಡಿಸುತ್ತಿದ್ದೀಯ ಅಂದುಕೊಂಡೆ. ನನ್ನ ಕಣ್ಣು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದೀಯ, ಇಷ್ಟು ವರ್ಷವಾದರೂ ಆ ಹಳೆಯ ಮಾತನ್ನು ಗೆಲ್ಲಬೇಕೆಂದಿದ್ದೀಯ ಎಂದು. ಅಮ್ಮನ ಕಣ್ಣು ಹಳದಿಯಾಗಿದೆ ಎಂದು ನಾನು ಮೂರು ಸಲ ಹೇಳಿದೆ. ಟ್ಯೂಬ್‌ಲೈಟಿನ ಬೆಳಕಿಗೆ ಹಾಗೆ ಕಾಣುತ್ತದೆ, ನಿನ್ನ ಕಣ್ಣಿಗೆ ಏನೇನೋ ಕಾಣುತ್ತೆ ಎಂದೆ ನೀನು. ಎರಡು ತಿಂಗಳ ಮೇಲೆ ಆಸ್ಪತ್ರೆಗೆ ಹೋದಾಗ ಪಿತ್ತಕೋಶದ ಗಡ್ಡೆ ಹರಡಿಬಿಟ್ಟಿತ್ತು. ನನಗೆ ಏನೇನೋ ಕಂಡಿರಲಿಲ್ಲ, ಅಪ್ಪ. ಇದ್ದದ್ದೇ ಕಂಡಿತ್ತು.

ನೀವು ಎಂದು ಬರೆಯುವುದನ್ನು ಮರೆತಿದ್ದೇನೆ. ಸಿಟ್ಟು ಬಂದಾಗ ಅದು ನೆನಪಿರುವುದಿಲ್ಲ.

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಆ ಮಕ್ಕಳು ನಿನಗೆ ಕಂಡರೇ? ಬಸ್ಸು ಓಡಿಸುವಾಗ ಕಂಡರೇ?

ಮಗಳು


ಮಾರ್ಚ್ 24

ಮಗಳೇ,

ಕಂಡರು.

ಈ ಒಂದು ಶಬ್ದ ಬರೆದು ಮೂರು ದಿನ ಪೆನ್ನು ಕೆಳಗಿಟ್ಟಿದ್ದೆ. ಈಗ ಮುಂದುವರಿಸುತ್ತೇನೆ.

ಹೋದ ವರ್ಷದ ಕೊನೆಯಿಂದ ಎಡಗಣ್ಣಿನ ನಟ್ಟನಡುವೆ ಒಂದು ಮಬ್ಬು. ಗಾಜಿನ ಮೇಲೆ ಯಾರೋ ಹೆಬ್ಬೆರಳು ಒತ್ತಿ ಹೋದ ಹಾಗೆ. ಎಷ್ಟು ಒರೆಸಿಕೊಂಡರೂ ಹೋಗದು. ಬಲಗಣ್ಣಿನಲ್ಲೂ ಸ್ವಲ್ಪ ಶುರುವಾಗಿದೆ. ಆ ಮಬ್ಬಿನಲ್ಲಿ ಜನವರಿಯಿಂದ ಹೂ ಬಿಡತೊಡಗಿತು. ಮೊದಲು ಹೂ, ಆಮೇಲೆ ಬಳ್ಳಿ, ಆಮೇಲೆ ಟೋಪಿಯ ಜನ. ಎಲ್ಲ ಎಷ್ಟು ಸ್ಪಷ್ಟ ಎಂದರೆ, ನಿಜವಾದ ಮರವೇ ಅವುಗಳ ಮುಂದೆ ಮಸುಕು. ಅವರು ಮಾತಾಡುವುದಿಲ್ಲ, ನನ್ನನ್ನು ನೋಡುವುದೂ ಇಲ್ಲ. ತಮ್ಮ ಪಾಡಿಗೆ ಹೋಗುತ್ತಾರೆ. ತಲೆ ಕೆಟ್ಟಿತು ಅಂದುಕೊಂಡೆ. ಯಾರಿಗೆ ಹೇಳಲಿ? ಡಿಪೋದ ಡಾಕ್ಟರಿಗೆ ಹೇಳಿದರೆ ಅವತ್ತೇ ಲೈಸೆನ್ಸ್ ಹೋಗುತ್ತದೆ. ಸೀಟಿಗೆ ಹೇಳಿದರೆ ಸಂಜೆಯೊಳಗೆ ಎಲ್ಲ ರೂಟಿನವರಿಗೂ ಗೊತ್ತಾಗುತ್ತದೆ. ಕಣ್ಣಿನ ಪರೀಕ್ಷೆಗೆ ಗೋಡೆಯ ಮೇಲೆ ತೂಗುಹಾಕುವ ಅಕ್ಷರಗಳ ಹಲಗೆಯನ್ನು ನಾನು ಬಾಯಿಪಾಠ ಮಾಡಿದ್ದೇನೆ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಹಲಗೆ.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂದು ಅದನ್ನು ಕೊಂಡುತಂದೆ. ಕಂಡದ್ದನ್ನೆಲ್ಲ ತೆಗೆಯುವುದು, ಆಮೇಲೆ ನೋಡಿ ಯಾವುದು ಇದೆ, ಯಾವುದು ಇಲ್ಲ ಎಂದು ತಿಳಿದುಕೊಳ್ಳುವುದು. ಆದರೆ ಫೋಟೊ ನೋಡುವುದೂ ಇದೇ ಕಣ್ಣಿನಿಂದ ತಾನೇ? ಆ ಪುಟ್ಟ ಪರದೆಯ ಮೇಲೂ ಹೂ ಬಿಟ್ಟಿತು. ಪ್ರಿಂಟ್ ಹಾಕಿಸಿದರೆ ಅದರಲ್ಲೂ ಬಿಟ್ಟಿತು. ಆಗ ಇನ್ನೊಬ್ಬರ ಕಣ್ಣು ಬೇಕಾಯಿತು.

ನಿನ್ನದನ್ನೇ ಏಕೆ ಎಂದರೆ, ನಿನ್ನ ಕಣ್ಣು ಸರಿ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಟ್ಯೂಬ್‌ಲೈಟ್ ಎಂದದ್ದು ಸುಳ್ಳು. ಅವಳ ಕಣ್ಣಿನ ಹಳದಿ ನೀನು ಹೇಳುವ ಮೊದಲೇ ನನಗೆ ಕಂಡಿತ್ತು.

ಅಪ್ಪ


ಮಾರ್ಚ್ 29

ಅಪ್ಪ,

ನಿನ್ನ ಪತ್ರದಲ್ಲಿ ಎರಡು ಸಂಗತಿಗಳಿವೆ. ಎರಡಕ್ಕೂ ಒಟ್ಟಿಗೆ ಉತ್ತರ ಬರೆಯಲು ನನ್ನಿಂದಾಗದು. ಮೊದಲನೆಯದಕ್ಕೆ ಮಾತ್ರ ಬರೆಯುತ್ತೇನೆ.

ಇಲ್ಲಿಯ ಕಣ್ಣಿನ ಡಾಕ್ಟರನ್ನು ಕಂಡು ಬಂದೆ. ಯಾರ ವಿಷಯ ಎಂದು ಹೇಳಲಿಲ್ಲ. ಇದು ಹುಚ್ಚಲ್ಲವಂತೆ. ಕಣ್ಣಿನಿಂದ ಬರಬೇಕಾದ್ದು ಬಾರದಿದ್ದಾಗ ಮಿದುಳು ಖಾಲಿ ಜಾಗ ಸಹಿಸದೆ ತಾನೇ ಚಿತ್ರ ಬಿಡಿಸುತ್ತದಂತೆ. ಹೂ, ಬಳ್ಳಿ, ಟೋಪಿ ಹಾಕಿದ ಜನ, ಎಲ್ಲ ಹೆಚ್ಚುಕಡಿಮೆ ಇಂಥವೇ ಕಾಣುತ್ತವಂತೆ. ನಿನ್ನ ಪತ್ರವನ್ನು ಅವರೇ ಓದಿದ್ದರೇನೋ ಎನ್ನುವ ಹಾಗೆ ಹೇಳಿದರು. ಹುಚ್ಚರಾದೆವು ಎಂದು ಹೆದರಿ ಅನೇಕರು ಬಾಯಿ ಬಿಡುವುದೇ ಇಲ್ಲವಂತೆ. ಬೇಗ ತೋರಿಸಿದರೆ ಉಳಿದ ಕಣ್ಣನ್ನು ಉಳಿಸಿಕೊಳ್ಳಬಹುದು ಎಂದರು. ಅಲ್ಲಿಯವರೆಗೆ ಆ ಮನುಷ್ಯ ಸೈಕಲ್ ಕೂಡ ಓಡಿಸಬಾರದು ಎಂದರು.

ನೀನು ಬಸ್ಸು ಓಡಿಸುತ್ತಿದ್ದೀಯ. ಅದರಲ್ಲಿ ಅರವತ್ತು ಜನ ಕೂರುತ್ತಾರೆ, ರಸ್ತೆಯಲ್ಲಿ ಎಷ್ಟೋ ಜನ ನಡೆಯುತ್ತಾರೆ. ನಾಳೆಯೇ ಮ್ಯಾನೇಜರಿಗೆ ಹೇಳು. ಒಂದು ವಾರ ಕಾಯುತ್ತೇನೆ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ.

ಎರಡನೆಯದನ್ನು ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ. ನಿನಗೆ ಕಂಡಿರಲಿಲ್ಲ ಎಂದು ನಾಲ್ಕು ವರ್ಷ ನಿನ್ನ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಈಗ ಕಂಡಿತ್ತು ಎನ್ನುತ್ತೀಯ. ಹಾಗಾದರೆ ಆ ಸಿಟ್ಟು ಸರಿಯಿತ್ತೋ, ಕಡಿಮೆಯಾಯಿತೋ, ಒಂದೂ ತಿಳಿಯುತ್ತಿಲ್ಲ. ಇವತ್ತು ಬೆಳಗ್ಗೆ ಎರಡು ನೀಲಿ ತುಂಡುಗಳನ್ನು ಪಕ್ಕಪಕ್ಕ ಇಟ್ಟು, ಒಂದೇನಾ ಬೇರೆನಾ ಎಂದು ಹೇಳಲಾಗದೆ ಕೂತಿದ್ದೆ. ನನ್ನ ಕೆಲಸದಲ್ಲಿ ಇದು ಮೊದಲ ಸಲ.

ಮಗಳು


ಏಪ್ರಿಲ್ 9

ಅಪ್ಪ,

ನಿನ್ನಿಂದ ಉತ್ತರವಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ನಿನ್ನ ಡಿಪೋ ಮ್ಯಾನೇಜರಿಗೆ ಪತ್ರ ಬರೆದೆ, ಹರಿದು ಹಾಕಿದೆ. ಮತ್ತೆ ಬರೆದೆ. ಒಂದರಲ್ಲಿ ನೀನು ಕಳ್ಳನ ಹಾಗೆ ಕಂಡೆ, ಇನ್ನೊಂದರಲ್ಲಿ ಮಗುವಿನ ಹಾಗೆ. ಮೂರನೆಯದರಲ್ಲಿ ಬರೀ ಕಣ್ಣಿನ ವಿಷಯ ಬರೆದೆ. ಇಂಥವರು ನನ್ನ ತಂದೆ, ಅವರ ನೋಟ ಹೀಗಾಗಿದೆ, ಅವರನ್ನು ಸೀಟಿನಿಂದ ಇಳಿಸಿ, ಅವರಿಗೆ ಅವಮಾನವಾಗದ ಹಾಗೆ ಇಳಿಸಿ ಎಂದು. ಅದನ್ನು ಇವತ್ತು ಮಧ್ಯಾಹ್ನ ಅಂಚೆ ಡಬ್ಬಿಗೆ ಹಾಕಿದೆ. ಹಾಕಿದ ಮೇಲೂ ಡಬ್ಬಿಯ ಬಾಯಲ್ಲಿ ಕೈಯಿಟ್ಟುಕೊಂಡು ನಿಂತಿದ್ದೆ. ಹಿಂದೆ ನಿಂತಿದ್ದವರು ಕೆಮ್ಮಿದರು.

ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಬೇರೆಯವರಿಂದ ನಿನಗೆ ತಿಳಿಯಬಾರದು ಎಂದು ನಾನೇ ಹೇಳುತ್ತಿದ್ದೇನೆ.

ಮಗಳು


ಏಪ್ರಿಲ್ 19

ಮಗಳೇ,

ನಿನ್ನ ಪತ್ರ ಮ್ಯಾನೇಜರ್ ಕೈ ಸೇರುವ ಹೊತ್ತಿಗೆ ನಾನು ಬಸ್ಸಿನಿಂದ ಇಳಿದು ಆರು ದಿನವಾಗಿತ್ತು. ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನ ಮಾರ್ಚ್ ಪತ್ರ ಬಂದ ಮೇಲೆ ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದೆ. ಹುಚ್ಚಲ್ಲ ಎಂದು ಬರೆದಿದ್ದೆಯಲ್ಲ, ಅದೇ ನನಗೆ ತಪ್ಪು ಧೈರ್ಯ ಕೊಟ್ಟಿತು. ಅದಕ್ಕೂ ಹಿಂದಿನ ವಾರ ಒಬ್ಬ ಟೋಪಿಯವನು ರಸ್ತೆಗೆ ಅಡ್ಡ ಬಂದಿದ್ದ. ನಾನು ಬ್ರೇಕ್ ತುಳಿದೆ, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಏನಾಯಿತು ಎಂದು ಸೀಟಿ ಕೇಳಿದ್ದಕ್ಕೆ ನಾಯಿ ಎಂದೆ. ಅಲ್ಲಿ ನಾಯಿ ಇರಲಿಲ್ಲ, ಟೋಪಿಯವನೂ ಇರಲಿಲ್ಲ. ಅವತ್ತಿನಿಂದ ಇನ್ನು ಇಂಥವರಿಗೆಲ್ಲ ಬ್ರೇಕ್ ಹಾಕುವುದಿಲ್ಲ ಎಂದು ನಿರ್ಧಾರ ಮಾಡಿಕೊಂಡೆ.

ಆರನೆಯ ತಾರೀಖು, ಬೆಳಗಿನ ಎರಡನೆಯ ಟ್ರಿಪ್, ಪಾರ್ಕಿನ ಸಿಗ್ನಲ್. ಹಸಿರು ಬಂತು. ಗೇರ್ ಹಾಕಿ ಮುಂದೆ ಬಿಟ್ಟೆ. ಎದುರಿಗೆ ಒಬ್ಬ ಹೆಂಗಸು ಮಗುವಿನ ಗಾಡಿ ತಳ್ಳಿಕೊಂಡು ದಾಟುತ್ತಿದ್ದಳು. ಅವಳ ತಲೆಯ ಮೇಲೆ ಟೋಪಿ. ಟೋಪಿ ಕಂಡಿತಲ್ಲ, ಕಾಲು ಬ್ರೇಕಿಗೆ ಹೋಗಲಿಲ್ಲ. ಎರಡು ಮಾರು ಹೋದೆ. ಆಮೇಲೆ ಏನೋ ಅನ್ನಿಸಿತು. ಏನೆಂದು ಈಗಲೂ ಹೇಳಲಾರೆ. ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಹಿಂದಿನ ಗಾಡಿಗಳು ಹಾರ್ನ್ ಮಾಡತೊಡಗಿದವು. ಜೇಬಿನಿಂದ ಕ್ಯಾಮೆರಾ ತೆಗೆದು ಗಾಜಿನ ಮುಂದೆ ಹಿಡಿದು ಒಂದು ಫೋಟೊ ತೆಗೆದೆ. ಸೀಟಿಯನ್ನು ಕರೆದು ಪರದೆ ತೋರಿಸಿ, ಇದರಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದೆ.

ಅವನು ಪರದೆ ನೋಡಿದ, ನನ್ನ ಮುಖ ನೋಡಿದ.

“ಇದ್ದಾರೆ ಅಣ್ಣ,” ಎಂದ. “ಅಲ್ಲೇ ನಿಂತಿದ್ದಾರೆ. ನಿನ್ನನ್ನೇ ನೋಡ್ತಿದ್ದಾರೆ.”

ಗಾಡಿಗೂ ಬಸ್ಸಿಗೂ ನಡುವೆ ಒಂದು ಮೊಳ ಇತ್ತಂತೆ.

ಕೀಲಿ ತೆಗೆದು ಅವನ ಕೈಗೆ ಕೊಟ್ಟು ಕೆಳಗಿಳಿದೆ. ಆ ಹೆಂಗಸು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ, ಗಾಡಿ ತಳ್ಳಿಕೊಂಡು ಪಾರ್ಕಿನೊಳಗೆ ಹೋದಳು. ನಡೆದುಕೊಂಡೇ ಡಿಪೋಗೆ ಬಂದೆ. ಮ್ಯಾನೇಜರಿಗೆ ಎಲ್ಲ ಹೇಳಿದೆ, ಅಕ್ಷರಗಳ ಹಲಗೆಯ ವಿಷಯವನ್ನೂ. ನಾನು ಒಂದು ತಿಂಗಳ ಹಿಂದೆಯೇ ಬರಬೇಕಿತ್ತು ಎಂದರು ಅವರು. ನಿನ್ನ ಪತ್ರ ಬಂದಾಗ ಕರೆದು ನನ್ನ ಕೈಗೇ ಕೊಟ್ಟರು. ಓದಿದೆ. ಸರಿಯಾಗಿ ಬರೆದಿದ್ದೀಯ. ಅವಮಾನವಾಗದ ಹಾಗೆ ಎಂದು ಬರೆದ ಸಾಲನ್ನು ಎರಡು ಸಲ ಓದಿದೆ. ಫೋನ್ ಎತ್ತದೆ ಇದ್ದದ್ದು ಸಿಟ್ಟಿನಿಂದಲ್ಲ. ಇದನ್ನು ಬರೆದೇ ಹೇಳಬೇಕಿತ್ತು.

ಈಗ ಸೀಟಿ ದಿನಾ ಮನೆಗೆ ಬಂದು ಹೋಗುತ್ತಾನೆ. ಯಾರಿಗೂ ಏನೂ ಹೇಳಿಲ್ಲ ಅವನು. ಅವನ ವಿಷಯದಲ್ಲೂ ನಾನು ತಪ್ಪಾಗಿ ಎಣಿಸಿದ್ದೆ. ಇನ್ನೊಂದು, ಬಸ್ ಸ್ಟಾಪಿನ ಆ ಮರ ಹೂ ಬಿಡುವ ಜಾತಿಯೇ ಅಲ್ಲವಂತೆ. ಇಷ್ಟು ವರ್ಷ ಅದರ ಕೆಳಗೆ ಬಸ್ಸು ನಿಲ್ಲಿಸಿದ್ದೇನೆ, ನನಗೆ ಗೊತ್ತೇ ಇರಲಿಲ್ಲ.

ಆಸ್ಪತ್ರೆಗೆ ಮೇ ನಾಲ್ಕಕ್ಕೆ ಬರಹೇಳಿದ್ದಾರೆ.

ಅಪ್ಪ


ಏಪ್ರಿಲ್ 26

ಅಪ್ಪ,

ಮೇ ಮೂರರ ಬೆಳಗಿನ ರೈಲಿಗೆ ಬರುತ್ತೇನೆ. ಮೂರು ದಿನ ರಜೆ ಹಾಕಿದ್ದೇನೆ. ಅಮ್ಮನ ವಿಷಯ ಮಾತಾಡಲೆಂದು ಬರುತ್ತಿಲ್ಲ, ಕಣ್ಣಿಗಾಗಿ ಬರುತ್ತಿದ್ದೇನೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಮಗಳು


ಮೇ 10

ಮಗಳೇ,

ನೀನು ಹೋದ ಮೇಲೆ ಫೋಟೊಗಳನ್ನು ಪ್ರಿಂಟ್ ಹಾಕಿಸಿದೆ. ಆಸ್ಪತ್ರೆಯಿಂದ ಬರುವಾಗ ನಾಲೆಯ ದಂಡೆಯಲ್ಲಿ ನಡೆದೆವಲ್ಲ, ಅವತ್ತಿನವು. ನೀನು ತೆಗೆದವು ನೆಟ್ಟಗಿವೆ, ನಾನು ತೆಗೆದವು ವಾಲಿವೆ ಎಂದು ಅಂಗಡಿಯವನು ಹೇಳಿದ. ಎಡಗಣ್ಣು ಹೋಯಿತು ಎಂದು ಡಾಕ್ಟರ್ ಹೇಳಿದಾಗ ನನಗೆ ಅಷ್ಟೇನೂ ಅನ್ನಿಸಲಿಲ್ಲ. ಬಲಗಣ್ಣಿಗೆ ತಿಂಗಳಿಗೊಂದು ಸೂಜಿ ಎಂದಾಗ ನೀನು ನನ್ನ ತೋಳು ಹಿಡಿದೆ, ಆಗ ಅನ್ನಿಸಿತು.

ಕಾಯುವ ಕೋಣೆಯಲ್ಲಿ ನೀನು ಕೇಳಿದೆ. ಮಾತಾಡಲು ಬಂದಿಲ್ಲ ಎಂದು ಬರೆದಿದ್ದವಳು ಕೇಳಿಯೇಬಿಟ್ಟೆ. “ಕಂಡಿತ್ತು ಅಂದ್ಮೇಲೆ ಯಾಕಪ್ಪ ಹೇಳ್ಲಿಲ್ಲ?” ಅಷ್ಟರಲ್ಲಿ ನನ್ನ ಹೆಸರು ಕೂಗಿದರು, ನಾನು ಎದ್ದು ಹೋದೆ. ಹೆಸರು ಕೂಗಿದ್ದು ಒಳ್ಳೆಯದಾಯಿತು ಅಂದುಕೊಂಡೆ. ಆದರೆ ಉತ್ತರ ಕೊಡದೆ ಇರಲು ಆಗುತ್ತಿಲ್ಲ.

ನೀನು ಮೊದಲ ಸಲ ಹೇಳಿದ್ದಕ್ಕೆ ಒಂದು ವಾರ ಮುಂಚೆ. ಬೆಳಗ್ಗೆ ನಾನು ಡ್ಯೂಟಿಗೆ ಹೊರಟಿದ್ದೆ. ನಿನ್ನಮ್ಮ ಕನ್ನಡಿಯ ಮುಂದೆ ನಿಂತು, ಕೆಳರೆಪ್ಪೆ ಎಳೆದು ನೋಡಿಕೊಂಡು ನನ್ನನ್ನು ಕರೆದಳು. “ಹಳದಿ ಕಾಣ್ತಿದ್ಯಾ, ನೋಡಿ ಹೇಳಿ” ಎಂದಳು. ಕಾಣುತ್ತಿತ್ತು. ಹಾಡುಹಗಲಿನ ಬೆಳಕು ಅದು, ಟ್ಯೂಬ್‌ಲೈಟ್ ಅಲ್ಲ. ಅವಳ ತಂದೆಗೂ ಹೀಗೆಯೇ ಆಗಿದ್ದು, ಎಷ್ಟು ದಿನದಲ್ಲಿ ಮುಗಿದಿತ್ತು ಎಂದು ನನಗೆ ಗೊತ್ತಿತ್ತು. ಇಲ್ಲ ಎಂದುಬಿಟ್ಟೆ. ಅವಳು ರೆಪ್ಪೆ ಬಿಟ್ಟು, ಸರಿ ಹಾಗಾದ್ರೆ ಎಂದು ನನ್ನ ಊಟದ ಡಬ್ಬಿ ತಂದುಕೊಟ್ಟಳು.

ಅವಳು ನಂಬಿದಳು. ನಾನು ಇಲ್ಲ ಎಂದರೆ ಇಲ್ಲ ಎಂದೇ ಅವಳ ಲೆಕ್ಕ. ಹೆದರಿಕೆಯಿಂದ ಹೇಳಿದೆನೋ, ಅವಳು ಹೆದರಬಾರದೆಂದು ಹೇಳಿದೆನೋ, ಎಷ್ಟು ಯೋಚಿಸಿದರೂ ನನಗೇ ಗೊತ್ತಾಗುತ್ತಿಲ್ಲ. ಆಮೇಲೆ ನೀನು ಹೇಳಿದಾಗ ಮೊದಲ ಸುಳ್ಳನ್ನು ಕಾಯಲು ಎರಡನೆಯದನ್ನು ಹೇಳಿದೆ. ಎರಡು ತಿಂಗಳು ಮೊದಲೇ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಅದನ್ನು ಯಾವ ಡಾಕ್ಟರನ್ನೂ ಕೇಳುವ ಧೈರ್ಯ ನನಗಾಗಿಲ್ಲ.

ಕ್ಷಮಿಸು ಎಂದು ಬರೆಯಲು ಹೊರಟಿದ್ದೆ. ಕ್ಷಮಿಸಬೇಕಾದವಳು ನೀನು ಅಲ್ಲವೇನೋ.

ಅಪ್ಪ


ಮೇ 23

ಅಪ್ಪ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಗಿರಣಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಅವತ್ತು ಒಳಗೆ ಹೋಗಿ ಕೆಲಸ ಮಾಡಲಾಗಲಿಲ್ಲ. ತಲೆನೋವು ಎಂದು ಹೇಳಿ ಹೊರಟು, ಮನೆಗೂ ಹೋಗದೆ ಊರೆಲ್ಲ ನಡೆದೆ. ನಡೆಯುತ್ತ ನಡೆಯುತ್ತ ಒಮ್ಮೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಇನ್ನೆಂದೂ ಆ ಊರಿಗೆ ಕಾಲಿಡುವುದಿಲ್ಲ ಎಂದುಕೊಂಡೆ. ಇನ್ನೊಂದು ಬೀದಿ ತಿರುಗುವಷ್ಟರಲ್ಲಿ, ಊಟದ ಡಬ್ಬಿ ಹಿಡಿದು ದಿನವಿಡೀ ಆ ಬಸ್ಸನ್ನು ಹೇಗೆ ಓಡಿಸಿದೆಯೋ ಎಂದು ನಿನ್ನ ಪತ್ರವನ್ನು ಮತ್ತೆ ತೆಗೆದು ಓದಿದೆ. ಯಾವುದು ನಿಜವಾದ ನಾನು ಎಂದು ತಿಳಿಯಲಿಲ್ಲ. ಎರಡೂ ಇರಬೇಕು.

ಅಮ್ಮ ನನ್ನನ್ನು ಯಾಕೆ ಕೇಳಲಿಲ್ಲ ಎಂದು ಯೋಚಿಸಿದೆ. ನಾನು ಹೇಳಿದಾಗ ನಕ್ಕು, ಅಪ್ಪ ನೋಡಿದ್ದಾರೆ ಬಿಡು ಎಂದಿದ್ದಳು. ಆಗ ಅದರ ಅರ್ಥ ನನಗಾಗಿರಲಿಲ್ಲ. ನಾನೂ ನಾಲ್ಕನೆಯ ಸಲ ಹೇಳಲಿಲ್ಲ. ಅವಳ ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ನಿನ್ನ ಮೇಲೆ ಸಿಟ್ಟಿರುವವರೆಗೂ ಇದನ್ನು ನೆನೆಯಬೇಕಾಗಿರಲಿಲ್ಲ.

ನೀನು ಕ್ಷಮೆ ಕೇಳಲಿಲ್ಲ, ನಾನು ಕೊಡುತ್ತಲೂ ಇಲ್ಲ. ಮುಂದೆ ಕೊಡುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಜೂನ್ ಒಂದಕ್ಕೆ ಮೊದಲ ಸೂಜಿ ಇದೆ. ಕಣ್ಣಿಗೆ ಸೂಜಿ ಚುಚ್ಚುವಾಗ ಕದಲಬಾರದು, ನಿನಗೆ ಸೂಜಿ ಕಂಡರೇ ಆಗದು. ಹಿಂದಿನ ದಿನವೇ ಬಂದಿರುತ್ತೇನೆ. ಸೀಟಿ ಮಾಮನ ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗೋಣ. ಹೊಸ ಡ್ರೈವರ್ ತಿರುವುಗಳಲ್ಲಿ ಜೋರಾಗಿ ಓಡಿಸುತ್ತಾನೆ ಎಂದು ಹೋದ ಸಲ ಬೈದೆಯಲ್ಲ, ಇನ್ನೊಂದು ಸಲ ಬೈಯುವೆಯಂತೆ.

ನನ್ನನ್ನು ಕರೆದುಕೊಳ್ಳಲು ಸ್ಟೇಷನ್ನಿಗೆ ಬಾ. ಮೂರನೆಯ ಪ್ಲಾಟ್‌ಫಾರ್ಮ್. ಜನರ ನಡುವೆ ನಾನು ಯಾರೆಂದು ನಿನಗೆ ಗೊತ್ತಾಗದೆ ಹೋಗಬಹುದು. ನಿಂತಲ್ಲೇ ನಿಂತಿರು, ನಾನೇ ಹತ್ತಿರ ಬಂದು ಅಪ್ಪ ಎನ್ನುತ್ತೇನೆ.

ಮಗಳು